ಏರ್ ಬೆಡ್ ತಂದರೆ ಸಾಲದು, ಹೊರಳಿಸುವ ಕೈಯೂ ಬೇಕು

ಕಳೆದ ವರ್ಷ ಧಾರವಾಡದ ನಮ್ಮ ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದು ಬಲಭಾಗದ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಕರೆತಂದ ದಿನವೇ ಯಜಮಾನರು ಏರ್ ಬೆಡ್ ತಂದು ಹಾಸಿದರು. ಅಡ್ಡಡ್ಡಲಾಗಿ ಗಾಳಿಯ ಕೊಳವೆಗಳು, ಕಾಲ ಕಡೆ ಗುಂಯ್ ಎನ್ನುವ ಪುಟ್ಟ ಪಂಪು. ಒಂದು ಕೊಳವೆ ಉಬ್ಬಿದಾಗ ಪಕ್ಕದ್ದು ಇಳಿಯುತ್ತದೆ, ಕೆಲವು ನಿಮಿಷಕ್ಕೊಮ್ಮೆ ಅದಲು ಬದಲು. ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತದ ಓಡಾಟ ನಿಲ್ಲಬಾರದೆಂದು ಈ ಏರ್ಪಾಡು. ‘ಇನ್ನು ಬೆಡ್ ಸೋರ್ ಚಿಂತೆ ಇಲ್ಲ’ ಅಂತ ನಿರಾಳವಾದೆ. ತಪ್ಪಿದ್ದೇ ಅಲ್ಲಿ.

ಪ್ಲಾಸ್ಟಿಕ್ಕಿನ ಸದ್ದು, ಬೆವರು ಅಂತ ಅತ್ತೆ ಮುಖ ಕಿವುಚುತ್ತಿದ್ದರು. ಪಾಪ ಅನ್ನಿಸಿ, ಹಳೇ ಸೀರೆಗಳಿಂದ ಅವರೇ ಹೊಲಿದಿದ್ದ ಕೌದಿಯನ್ನು ಮಡಚಿ ಮೇಲೆ ಹಾಸಿದೆ. ರಾತ್ರಿ ಹೊರಳಿಸುವುದನ್ನೂ ಬಿಟ್ಟೆ. ಹಾಸಿಗೆ ನೋಡಿಕೊಳ್ಳುತ್ತದಲ್ಲ! ಹತ್ತನೇ ದಿನ ಮೈ ಒರೆಸುವಾಗ ಬೆನ್ನಿನ ಬುಡದ ಎಲುಬಿನ ಮೇಲೆ ರೂಪಾಯಿ ಅಗಲದ ಕೆಂಪು ಕಲೆ ಕಂಡಿತು. ಎಣ್ಣೆ ಹಚ್ಚಿ ತಿಕ್ಕಿದೆ.

ಸಂಜೆ ಪಕ್ಕದ ಓಣಿಯ ನಿವೃತ್ತ ನರ್ಸಬಾಯಿ ಬಂದು ಕಲೆಯನ್ನು ಬೆರಳಿಂದ ಒತ್ತಿ ನೋಡಿದರು. “ಒತ್ತಿ ಬಿಟ್ರೂ ಬೆಳ್ಳಗಾಗವಲ್ದು. ಹುಣ್ಣಿನ ಮೊದಲ ಮೆಟ್ಟಲಾ ಇದು. ತಿಕ್ಕಬ್ಯಾಡವಾ, ಒಳಗ ಇನ್ನಷ್ಟು ಹಾಳಾಗ್ತದ.” ಆಮೇಲೆ ಕೌದಿ ಎತ್ತಿ, “ಇಷ್ಟು ದಪ್ಪ ಹಾಸಿದ್ರ ಗಾಳಿ ಹಾಸಿಗಿ ಹ್ಯಾಂಗ ಕೆಲಸಾ ಮಾಡಬೇಕು?” ಅಂದರು.

ಏರ್ ಬೆಡ್ಡಿನ ಅಡಿಗೆ, ಅತ್ತೆಯ ಸೊಂಟದ ನೇರಕ್ಕೆ, ನನ್ನ ಅಂಗೈ ಮೇಲ್ಮುಖವಾಗಿ ತೂರಿಸಲು ಹೇಳಿದರು. ಎಲುಬು ಕೈಗೇ ತಾಗಿತು! ನಡುವೆ ಒಂದು ಇಂಚಾದರೂ ಗಾಳಿ ಇರಬೇಕಂತೆ. ಪಂಪಿನ ಗುಂಡಿಯನ್ನು ಅತ್ತೆಯ ತೂಕಕ್ಕೆ ತಕ್ಕಂತೆ ತಿರುಗಿಸಿರಲೇ ಇಲ್ಲ ನಾವು.

ಮರುದಿನ ಡಾಕ್ಟರಿಗೂ ತೋರಿಸಿದೆವು. ಅಂದಿನಿಂದ ಏರ್ ಬೆಡ್ ಮೇಲೆ ತೆಳುವಾದ ಒಂದೇ ಹತ್ತಿ ಬಟ್ಟೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲು. ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ತುಸು ಓರೆಯಾಗಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬು. ಎಳೆದರೆ ಚರ್ಮ ಕಿತ್ತುಬರುವ ಭಯ, ಹಾಗಾಗಿ ಇಬ್ಬರು ಸೇರಿ ಬಟ್ಟೆ ಸಮೇತ ಎತ್ತಿ ಸರಿಸುತ್ತೇವೆ. ಒದ್ದೆಯಾದರೆ ತಕ್ಷಣ ಬದಲಾವಣೆ. ಊಟದಲ್ಲಿ ಬೇಳೆ, ಮೊಸರು ತಪ್ಪಿಸುವುದಿಲ್ಲ. ಕರೆಂಟು ಹೋದರೆ ಪಂಪು ನಿಲ್ಲಬಾರದೆಂದು ಇನ್ವರ್ಟರಿಗೆ ಜೋಡಿಸಿದ್ದೇವೆ. ದಿನಾ ಒಮ್ಮೆ ಬೆನ್ನು, ಸೊಂಟ, ಮೊಣಕೈ, ಹಿಮ್ಮಡಿ, ತಲೆಯ ಹಿಂಭಾಗ ನೋಡುತ್ತೇನೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಸುಲಭಕ್ಕೆ ಕಾಣದು. ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ನೋಡಬೇಕು.

ನಮ್ಮ ಪುಣ್ಯ, ಚರ್ಮ ಒಡೆಯುವ ಮೊದಲೇ ಕಂಡಿತು. ಕಲೆ ಮೆಲ್ಲಗೆ ಮಾಯವಾಯಿತು. ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದವರಿದ್ದರೆ, ಓದಿ ಮುಗಿಸಿದ ಕೂಡಲೇ ಅಡಿಗೆ ಒಮ್ಮೆ ಕೈ ತೂರಿಸಿ ನೋಡಿ.

ರಾತ್ರಿ ಎರಡಕ್ಕೆ ಅಲಾರಾಂ ಹೊಡೆದಾಗ ಸಿಟ್ಟು ಬಂದದ್ದೂ ಉಂಟು, ಸುಳ್ಳೇಕೆ ಹೇಳಲಿ. ಮೊನ್ನೆ ಹೊರಳಿಸುವಾಗ ಅತ್ತೆ ತೊದಲುತ್ತಾ, “ನನ್ ಸಲುವಾಗಿ ನಿದ್ದಿಗೆಟ್ಟಿ” ಅಂದರು. ಏನು ಹೇಳಬೇಕೋ ತೋಚಲಿಲ್ಲ. ಕೌದಿಯನ್ನು ಅವರ ಮೇಲೆ ಹೊದಿಸಿ, ಮತ್ತೆ ನಾಲ್ಕಕ್ಕೆ ಅಲಾರಾಂ ಇಟ್ಟೆ.