ಮರೆಹೆಸರಿನ ಲೆಕ್ಕ

ಮಕ್ಕಳೇ, ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಈಗ ಚಿಂತಾಮಣಿ, ಶಿಡ್ಲಘಟ್ಟದ ಅಣ್ಣ-ಅಕ್ಕಂದಿರೂ ಎಂ.ಎಸ್. ಓದಲು ಅಲ್ಲಿಗೆ ಅರ್ಜಿ ಹಾಕುತ್ತಾರೆ. ಅಂಕಪಟ್ಟಿಯ ಜೊತೆಗೆ ತಮ್ಮ ಬಗ್ಗೆ ತಾವೇ ಒಂದು ಪ್ರಬಂಧ ಬರೆಯಬೇಕು. ಅದರಲ್ಲಿ ಎಲ್ಲರೂ ಬಂಗಾರದಂಥವರೇ!

ಸೀಟು ಸಿಕ್ಕ ಮೇಲೆ ವೀಸಾ ಅರ್ಜಿ. 2019ರಿಂದ ಅದರಲ್ಲಿ, ಹಿಂದಿನ 5 ವರ್ಷ ಬಳಸಿದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಖಾತೆಗಳ ಹೆಸರು ಕೇಳುತ್ತಾರೆ. 2025ರ ಜೂನ್‌ನಲ್ಲಿ, ವಿದ್ಯಾರ್ಥಿಗಳು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದೂ ಹೇಳಿದರು. ‘ಹುಲಿಮರಿ’ ಎಂಬ ಮರೆಹೆಸರಿನ ಖಾತೆಗೂ ವಿನಾಯಿತಿಯಿಲ್ಲ.

ಹೆಸರು ಮರೆಮಾಡುವುದೇ ತಪ್ಪಲ್ಲ. ಅಪರಿಚಿತರಿಗೆ ನಿಮ್ಮ ಶಾಲೆ, ಮನೆ ವಿಳಾಸ ತಿಳಿಯದಂತೆ ನೋಡಿಕೊಳ್ಳುವುದು ಜಾಣತನ. ಮರೆಯಲ್ಲಿ ನಿಂತು ಸಹಪಾಠಿಯನ್ನು ಹೀಯಾಳಿಸುವುದು ಹೇಡಿತನ.

ನಾನು ಬ್ಯಾಂಕಿನಲ್ಲಿದ್ದಾಗ ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಪಕ್ಕ ಇಟ್ಟು ನೋಡುತ್ತಿದ್ದೆವು. ಎರಡೂ ಒಂದೇ ಕೈಯದಾಗಿದ್ದರೆ ಮಾತ್ರ ಹಣ. ಪ್ರಬಂಧದ ಮಾತಿಗೂ ಮರೆಹೆಸರಿನ ಮಾತಿಗೂ ಅದೇ ಲೆಕ್ಕ. ಈಗ ಆರನೇ ತರಗತಿಯಲ್ಲಿರುವವರು ಆ ಅರ್ಜಿ ತುಂಬಲು ಹತ್ತು ವರ್ಷವಿದೆ. ಒಳ್ಳೆಯ ಅಭ್ಯಾಸಕ್ಕೆ ಅಷ್ಟು ಕಾಲ ಬೇಕೇ ಬೇಕು.

ಅಜ್ಜ-ಅಜ್ಜಿಯರೇ, ಮೊಬೈಲ್ ಕಿತ್ತುಕೊಳ್ಳಬೇಡಿ. ಮೊಮ್ಮಗು ಏನಾದರೂ ಬರೆದಾಗ ಒಂದೇ ಒಂದು ಮಾತು ಕೇಳಿ: “ಇದರ ಕೆಳಗೆ ನಿನ್ನ ಹೆಸರು ಹಾಕ್ತೀಯೇನಪ್ಪಾ?”