ಮೊದಲು ಭಾಗಾಕಾರ ಮಾಡೋಣ

ರಾಷ್ಟ್ರಕೂಟರು ಯಾರವರು? ನಮ್ಮ ಬೆಳಗಾವಿಯಲ್ಲಿ ಕೇಳಿ ನೋಡಿ. ಕನ್ನಡದವರು ನಮ್ಮವರು ಎನ್ನುತ್ತಾರೆ, ಮರಾಠಿಯವರೂ ನಮ್ಮವರು ಎನ್ನುತ್ತಾರೆ. ಖಾನಾಪುರದಲ್ಲಿ ಬಸ್ಸು ಹತ್ತಿದಾಗ ಶುರುವಾದ ವಾದ ಬೆಳಗಾವಿ ನಿಲ್ದಾಣ ಬಂದರೂ ಮುಗಿಯುವುದಿಲ್ಲ. ಆ ವಾದದಲ್ಲಿ ಅಮೋಘವರ್ಷ ನೃಪತುಂಗ ಬರುತ್ತಾನೆ. ಅವನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನೂ ಬರುತ್ತಾನೆ. ಆದರೆ ಆ ಪುಸ್ತಕದ ಒಂದೇ ಒಂದು ಲೆಕ್ಕ ಹೇಳಿ ಎಂದರೆ ಎರಡೂ ಕಡೆ ಮೌನ. ನನ್ನ ತಕರಾರು ಇಷ್ಟೇ: ಲೆಕ್ಕ ಮಾಡದವರಿಗೆ ಗಣಿತಜ್ಞನ ಮೇಲೆ ಹಕ್ಕಿಲ್ಲ.

ಅವನದೊಂದು ಲೆಕ್ಕ ಹೀಗಿದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯಷ್ಟು ಚಿನ್ನವಿದೆ. ಅಂದರೆ 12345654321, ನಮ್ಮ ಮಾತಿನಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಅದನ್ನು 441 ಜನರಿಗೆ ಹಂಚಿದರೆ ಒಬ್ಬನ ಪಾಲೆಷ್ಟು? ಉತ್ತರ 27994681. ಶೇಷ ಸೊನ್ನೆ.

ಇಂಥದ್ದನ್ನು ಮೊಬೈಲಿನಲ್ಲಿ 'ಪ್ರಾಚೀನ ಪವಾಡ' ಎಂದು ಹಂಚುವವರು ನನಗೆ ವಾದ ಮಾಡುವವರಿಗಿಂತ ಹೆಚ್ಚು ಸಿಟ್ಟು ತರಿಸುತ್ತಾರೆ. ಪವಾಡ ಎಂದೊಡನೆ ಯೋಚನೆ ನಿಲ್ಲುತ್ತದೆ. 111111ನ್ನು ಅದರಿಂದಲೇ ಗುಣಿಸಿ. ಆರು ಸಾಲುಗಳು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡಿದಾಗ ನಡುವಿನ ಮನೆಯಲ್ಲಿ ಆರು ಒಂದುಗಳು, ಅಂಚಿನಲ್ಲಿ ಒಂದೊಂದು. ಎಲ್ಲೂ ದಶಕ ಬರುವುದಿಲ್ಲವಾದ್ದರಿಂದ ಏರಿಳಿತ ಹಾಗೇ ಉಳಿಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಳ್ಳಿ, ದಶಕ ಬಂದು ಹಾರ ಹರಿಯುತ್ತದೆ.

ಇನ್ನು 441 ಎಲ್ಲಿಂದ ಬಂತು? 111111 ಎಂದರೆ 3, 7, 11, 13, 37ರ ಗುಣಲಬ್ಧ. ಮೊದಲೆರಡನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರನ್ನು ಗುಣಿಸಿದರೆ 5291, ಅದರ ವರ್ಗವೇ ಒಬ್ಬನ ಪಾಲು. ಶೇಷ ಉಳಿಯಲು ಜಾಗವೇ ಇಲ್ಲ. ಇದು ಅದೃಷ್ಟವಲ್ಲ, ಸಂಖ್ಯೆಯನ್ನು ಬಿಚ್ಚಿ ನೋಡಿದವನ ಕೆಲಸ.

ಸಾಹಿತ್ಯ ಓದುವವರಿಗೆ ಇದೆಲ್ಲ ಯಾಕೆ ಎನ್ನುವಿರಾ? ಮಹಾವೀರ ಈ ಲೆಕ್ಕ ಬರೆದದ್ದು ಪದ್ಯದಲ್ಲಿ, ಸಂಸ್ಕೃತದಲ್ಲಿ. ಮುಂದೆ 12ನೇ ಶತಮಾನದಲ್ಲಿ, ನಮ್ಮ ಜಿಲ್ಲೆಯ ರಾಯಬಾಗದವನೆಂದು ಹೇಳಲಾಗುವ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಲೆಕ್ಕವೂ ಕಾವ್ಯವೂ ಒಂದೇ ಮನೆಯಲ್ಲಿದ್ದವು. ಇಂದು 'ನನಗೆ ಗಣಿತ ತಲೆಗೆ ಹತ್ತುವುದಿಲ್ಲ' ಎಂದರೆ ಸಾಹಿತ್ಯದ ವೇದಿಕೆಯಲ್ಲಿ ನಗು, ಚಪ್ಪಾಳೆ. 'ನನಗೆ ಪಂಪ ಗೊತ್ತಿಲ್ಲ' ಎಂದು ಅಷ್ಟೇ ಹೆಮ್ಮೆಯಿಂದ ಹೇಳಿ ನೋಡಿ! 'ಕವಿರಾಜಮಾರ್ಗ' ಹುಟ್ಟಿದ ಕಾಲದ್ದೇ ಈ ಪುಸ್ತಕ. ಒಂದನ್ನು ಓದಿ ಇನ್ನೊಂದರ ಹೆಸರಷ್ಟೇ ಬಾಯಿಪಾಠ ಮಾಡುವುದು ಅರ್ಧ ಓದು.

ಹಾಗಾಗಿ ಮುಂದಿನ ಸಲ ಬಸ್ಸಿನಲ್ಲಿ ವಾದ ಶುರುವಾದರೆ ನಾನು ಒಂದೇ ಪ್ರಶ್ನೆ ಕೇಳುವವನಿದ್ದೇನೆ. ಅದೇ ಚಿನ್ನ, ಈಗ 1521 ಜನ, ಒಬ್ಬನಿಗೆಷ್ಟು? ಕನ್ನಡದಲ್ಲಿ ಭಾಗಿಸಿ, ಮರಾಠಿಯಲ್ಲಿ ಭಾಗಿಸಿ. ಎರಡೂ ಕಡೆ ಒಂದೇ ಪಾಲು ಬರುತ್ತದೆ, ಜಗಳಕ್ಕೆ ಏನೂ ಉಳಿಯುವುದಿಲ್ಲ.