ಯಾರೂ ನಡೆಯದ ದಾರಿ

ಪ್ರೋಗ್ರಾಮಿನಲ್ಲಿ ಹತ್ತು ‘ಇಫ್’ ಒಂದರ ಕೆಳಗೊಂದು ಇದ್ದರೆ ಎಷ್ಟು ದಾರಿ ಹೇಳಿ? 1024. ಇಪ್ಪತ್ತಾದರೆ ಹತ್ತು ಲಕ್ಷ ದಾಟುತ್ತೆ. ಅಷ್ಟನ್ನೂ ಟೆಸ್ಟ್ ಮಾಡು ಅಂದರೆ ರಾಜೀನಾಮೆ ಕೊಟ್ಟು ಊರಲ್ಲಿ ಅಡಿಕೆ ತೋಟ ನೋಡ್ಕೊಳ್ಳೋದೇ ವಾಸಿ :-)

ಪುಣ್ಯಕ್ಕೆ, ಇವುಗಳಲ್ಲಿ ಎಷ್ಟೋ ದಾರಿಗಳಲ್ಲಿ ಯಾರೂ ನಡೆಯೋಕೇ ಆಗಲ್ಲ. ಬಸ್ ಟಿಕೆಟ್ ಕೊಡೋ ಪ್ರೋಗ್ರಾಂ ಅಂದ್ಕೊಳ್ಳಿ. ಮೊದಲು ‘ವಯಸ್ಸು 60 ದಾಟಿದೆಯಾ’ ಅನ್ನುತ್ತೆ, ಆಮೇಲೆ ‘18ಕ್ಕಿಂತ ಕಡಿಮೆಯಾ’ ಅನ್ನುತ್ತೆ. ಕಾಗದದ ಮೇಲೆ ನಾಲ್ಕು ದಾರಿ. ಆದರೆ ಎರಡಕ್ಕೂ ಹೌದು ಅನ್ನೋ ಅಜ್ಜ ಇನ್ನೂ ಹುಟ್ಟಿಲ್ಲ!

ಸಂಖ್ಯೆಯ ಬದಲು ಚಿಹ್ನೆ ಕೊಟ್ಟು ಪ್ರೋಗ್ರಾಂ ಓಡಿಸೋ ವಿಚಾರವನ್ನು ಐಬಿಎಂನ ಜೇಮ್ಸ್ ಕಿಂಗ್ 1976ರಲ್ಲೇ ಬರೆದಿದ್ದರು. ದಾರಿಯುದ್ದಕ್ಕೂ ಸಿಕ್ಕ ಷರತ್ತುಗಳನ್ನೆಲ್ಲ ಕೂಡಿಹಾಕಿ, ಇವೆಲ್ಲ ಒಟ್ಟಿಗೆ ನಿಜವಾಗಬಹುದಾ ಅಂತ ಸಾಲ್ವರ್‌ನ ಕೇಳೋದು. ಇಲ್ಲ ಅಂದರೆ ಆ ದಾರಿ ಕಟ್. 2008ರಲ್ಲಿ ಸ್ಟ್ಯಾನ್‌ಫರ್ಡ್‌ನವರ ‘ಕ್ಲೀ’ ಹೀಗೇ ಗ್ನೂ ಕೋರ್‌ಯುಟಿಲ್ಸ್ ಜಾಲಾಡಿ, 15 ವರ್ಷಕ್ಕೂ ಮೀರಿ ಅಡಗಿ ಕೂತಿದ್ದ ಬಗ್‌ಗಳನ್ನೂ ಹಿಡಿಯಿತು.

ಸಾಲ್ವರ್ ‘ಇಲ್ಲ’ ಅಂದರೆ ನಂಬ್ತೀನಿ. ಮನುಷ್ಯರು ‘ಅಲ್ಲಿಗೆ ಯಾರೂ ಬರಲ್ಲ ಬಿಡಿ’ ಅಂದಾಗ ಮಾತ್ರ ಎದೆ ಢವಢವ. ಯಾಕೆ ಅಂತೀರಾ?

1996ರ ಜೂನ್ 4. ಫ್ರೆಂಚ್ ಗಯಾನಾದ ಕೂರೂನಿಂದ ಏರಿಯಾನ್ 5 ರಾಕೆಟ್ ಮೊದಲ ಸಲ ಮೇಲೆದ್ದಿತು. ದಿಕ್ಕು, ಚಲನೆ ಅಳೆಯೋ ಸಾಫ್ಟ್‌ವೇರ್ ಬಹುಪಾಲು ಏರಿಯಾನ್ 4ರದ್ದೇ. ಅದರಲ್ಲಿ 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನೊಳಗೆ ತುರುಕೋ ಜಾಗಗಳಿದ್ದವು. ಅಪಾಯವಿದ್ದ ಏಳು ವೇರಿಯಬಲ್‌ಗಳಲ್ಲಿ ನಾಲ್ಕಕ್ಕೆ ರಕ್ಷಣೆ ಹಾಕಿದ್ದರು. ಪ್ರೊಸೆಸರಿನ ಹೊರೆ 80 ಶೇಕಡಾ ಮೀರಬಾರದು ಅಂತ ಮೂರನ್ನು ಹಾಗೇ ಬಿಟ್ಟಿದ್ದರು. ಅಷ್ಟು ದೊಡ್ಡ ಬೆಲೆ ಬರೋದೇ ಇಲ್ಲ ಅನ್ನೋ ಲೆಕ್ಕ. ಏರಿಯಾನ್ 4ಕ್ಕೆ ಆ ಲೆಕ್ಕ ಸರಿಯೇ ಇತ್ತು ನೋಡಿ! ಆದರೆ 5ರ ಅಡ್ಡವೇಗ ಬಹಳ ಜಾಸ್ತಿ. ಸುಮಾರು 37 ಸೆಕೆಂಡಿಗೆ ಆ ‘ಬರದ’ ಬೆಲೆ ಬಂತು. ಬ್ಯಾಕಪ್ ಕಂಪ್ಯೂಟರಿನಲ್ಲೂ ಅದೇ ಕೋಡ್... ಎರಡೂ ಮಲಗಿದವು, ರಾಕೆಟ್ ಚೂರುಚೂರು. ತಮಾಷೆ ಅಂದರೆ, ಆ ಲೆಕ್ಕ ಏರಿಯಾನ್ 5 ಹಾರಿದ ಮೇಲೆ ಬೇಕಾಗೇ ಇರಲಿಲ್ಲ.

ಹೋದ ತಿಂಗಳು ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಟೀಮು ಹಳೇ ಪ್ರಾಜೆಕ್ಟಿಂದ ಒಂದು ಮಾಡ್ಯೂಲ್ ಎತ್ತಿಕೊಂಡಿತು. ಜೊತೆಗೆ ‘ಅಸಾಧ್ಯ, ಟೆಸ್ಟ್ ಬೇಡ’ ಅಂತ ಗುರುತು ಹಾಕಿದ 41 ದಾರಿಗಳ ಪಟ್ಟಿಯೂ ಬಂತು. ಯಾಕೆ ಅಸಾಧ್ಯ ಅಂತ ಒಂದು ಸಾಲೂ ಇಲ್ಲ. ಹೊಸ ಸೆನ್ಸರಿನ ಮಿತಿಗಳನ್ನು ಹಾಕಿ ಎಲ್ಲವನ್ನೂ ಮತ್ತೆ ಸಾಲ್ವರ್‌ಗೆ ಕೊಟ್ಟೆ. ಮೂರು ದಾರಿ ತೆರೆದುಕೊಂಡವು. ಈ ವಾರ ಅವಕ್ಕೇ ಟೆಸ್ಟ್ ಬರೀತಾ ಕೂತಿದೀನಿ.